ಗಂಗಾಳ ಬಡಿಯದ ಒಂಬತ್ತು ದಿನ

ಆ ಸಿನಿಮಾ ನೋಡಿ ಹೆದರಿಕೊಂಡು ಬಂದವರು ಯಾರಾದರೂ ಇದ್ದರೆ, ಮೊದಲು ಒಂದು ಚೆಂಬು ನೀರು ಕುಡಿದು ನನ್ನ ಮಾತು ಕೇಳಿ. ಅದರಲ್ಲಿ ಇಂಟರ್ವಲ್ಲಿಗೆ ಸ್ವಲ್ಪ ಮೊದಲು ತಲೆಗೆಲ್ಲ ಬೂದಿ ಮೆತ್ತಿಕೊಂಡು, ಹರಕು ಸೀರೆ ಉಟ್ಟು, ಕಣ್ಣು ಅಗಲಿಸಿ ಮಾತಾಡುವ ಮುದುಕಿ ಒಬ್ಬಳು ಬರುತ್ತಾಳಲ್ಲ, ಅವಳು ನಾನೇ. ಹೆಸರು ದುಂಡವ್ವ. ಮುದುಕಿಯಲ್ಲ, ನನಗೆ ಐವತ್ತೊಂದು. ಕೂದಲು ನೆರೆತದ್ದು ನಿಜ, ಆದರೆ ಆಗ ತಿಂಗಳಿಗೆ ಎರಡು ಸಲ ತಪ್ಪದೆ ಮದರಂಗಿ ಹಚ್ಚುತ್ತಿದ್ದೆ. ಆ ಬೂದಿ ಸಿನಿಮಾದವರದು.

ನಮ್ಮ ಊರಿನ ಪಡುವಣ ದಿಕ್ಕಿಗೆ ಕೊನೆಯ ಮನೆ ಮುಗಿದ ಕೂಡಲೇ ಮರಳು ಶುರುವಾಗುತ್ತದೆ. ಸಿನಿಮಾದಲ್ಲಿ ಅದನ್ನು ಮನುಷ್ಯರ ಸುಳಿವಿಲ್ಲದ, ನೂರಾರು ಮೈಲಿ ದೂರದ ಮರುಭೂಮಿ ಎಂದು ಗಡಸು ದನಿಯಲ್ಲಿ ಹೇಳುತ್ತಾರೆ. ಹೌದಪ್ಪಾ, ದೂರವೇ. ಹೋಟೆಲಿನಲ್ಲಿ ಚಹಾ ಹಿಡಿದು ಹೊರಟರೆ ಆರುವುದರೊಳಗೆ ಅಲ್ಲಿಗೆ ಮುಟ್ಟುತ್ತೀರಿ. ಮರಳಿನೊಳಗೆ ಒಂದು ತಾಸು ನಡೆದರೆ ಉಪ್ಪಿನ ಹಳ್ಳ ಸಿಗುತ್ತದೆ. ನಮ್ಮ ಜನ ಉಪ್ಪಿಗೆ ಹೋಗುತ್ತಾರೆ, ತಪ್ಪಿಸಿಕೊಂಡ ಕುರಿ ಹುಡುಕಲು ಹೋಗುತ್ತಾರೆ, ಮನೆಯಲ್ಲಿ ಜಗಳವಾದರೆ ಸುಮ್ಮನೆ ಹೋಗುತ್ತಾರೆ. ಎಷ್ಟೋ ಜನ ಅದೇ ದಿನ ಬರುತ್ತಾರೆ. ಕೆಲವರಿಗೆ ಸ್ವಲ್ಪ ತಡವಾಗುತ್ತದೆ. ನಾಲ್ಕು ವರ್ಷ, ಒಂಬತ್ತು ವರ್ಷ, ಇಪ್ಪತ್ತು ವರ್ಷ. ಬರುವಾಗ ಹೋದ ಬಟ್ಟೆಯಲ್ಲೇ ಬರುತ್ತಾರೆ, ಅಂಗಿಯ ಬೆವರು ಕೂಡ ಆರಿರುವುದಿಲ್ಲ. ಅವರ ಪಾಲಿಗೆ ಆಗಿರುವುದು ಒಂದೋ ಎರಡೋ ತಾಸು.

ನೀವು ಬಾಯಿ ತೆರೆದು ಕೂರಬೇಡಿ, ನಮಗೆ ಇದೇನೂ ದೊಡ್ಡದಲ್ಲ. ಬಂದವರಿಗೆ ಮೊದಲು ಮಜ್ಜಿಗೆ ಕೊಡಬೇಕು, ಆಮೇಲೆ ಮೆಲ್ಲಗೆ ವರ್ಷ ಹೇಳಬೇಕು, ಅಲ್ಲಿಯವರೆಗೆ ಕ್ಯಾಲೆಂಡರು ತಿರುಗಿಸಿ ಇಡಬೇಕು. ಇಷ್ಟೇ ನಮ್ಮ ಕಾನೂನು. ಓಣಿಯ ಕಾಶೀಬಾಯಿಯ ವರ ಮದುವೆಯ ಹಿಂದಿನ ದಿನ ಉಪ್ಪಿಗೆಂದು ಹೋದವನು ಬಂದದ್ದು ಹತ್ತೊಂಬತ್ತು ವರ್ಷದ ಮೇಲೆ. ಬಂದ ವಾರದಲ್ಲೇ ಮದುವೆ ಮಾಡಿದೆವು. ಅವನಿಗೆ ಇಪ್ಪತ್ತನಾಲ್ಕು, ಅವಳಿಗೆ ನಲವತ್ತು. ಬೀಗರು ಕೊಂಕು ತೆಗೆದದ್ದು ಚಿರೋಟಿ ಮೆತ್ತಗಾಗಿದೆ ಎಂಬುದಕ್ಕೆ ಮಾತ್ರ. ಪುರಸಭೆಯ ಮತದಾರರ ಪಟ್ಟಿಯಲ್ಲಿ ಹೆಸರಿನ ಮುಂದೆ ಇದ್ದಾರೆ, ತೀರಿಕೊಂಡಿದ್ದಾರೆ, ಮರಳಿನಲ್ಲಿದ್ದಾರೆ ಎಂದು ಮೂರು ಬಗೆ ಬರೆದಿರುತ್ತದೆ. ಮರಳಿನಲ್ಲಿರುವವರು ಊಟಕ್ಕೆ ಬರದಿದ್ದರೂ ಅವರ ಓಟು ಪ್ರತಿ ಚುನಾವಣೆಯಲ್ಲೂ ಬಂದು ಬೀಳುತ್ತದೆ, ಅದೂ ನಮ್ಮ ಅಧ್ಯಕ್ಷ ಅಡಿವೆಪ್ಪನವರಿಗೇ.

ಒಂದು ವಿಷಯದಲ್ಲಿ ಮಾತ್ರ ಹುಡುಗಾಟಿಕೆ ಇಲ್ಲ. ಮರಳಿನಂಚಿಗೆ ಬಂದು ನಿಂತವರಿಗೆ ಊರು ಕಾಣುವುದಿಲ್ಲ. ಮುಂದೆಯೂ ಮರಳೇ ಇದೆ ಎಂದು ಅವರಿಗೆ ತೋರುತ್ತದಂತೆ. ಅವರಿಗೆ ಕೇಳುವುದು ತಾವು ಉಂಡ ಗಂಗಾಳದ ಸದ್ದು ಒಂದೇ. ಗಂಗಾಳ ಅಂದರೆ ನಾವು ಉಣ್ಣುವ ಅಗಲ ತಟ್ಟೆ. ಹಾಗಾಗಿ ಯಾರ ಮನೆಯವರು ಒಳಗಿದ್ದಾರೋ ಅವರು ದಿನಾ ನಾಲ್ಕು ಗಂಟೆಗೆ, ಗಾಳಿ ಬೀಳುವ ಹೊತ್ತಿಗೆ, ಅಂಚಿಗೆ ಹೋಗಿ ಆ ಗಂಗಾಳವನ್ನು ಸೌಟಿನಿಂದ ಅರ್ಧ ತಾಸು ಬಡಿಯಬೇಕು. ಹೊಸ ಗಂಗಾಳ ನಡೆಯುವುದಿಲ್ಲ, ನೆರೆಮನೆಯದೂ ನಡೆಯುವುದಿಲ್ಲ. ಕುರಿ ಕಾಯುವ ಲಗಮಪ್ಪ ಇಪ್ಪತ್ತು ವರ್ಷದ ಮೇಲೆ ಬಂದು, ಮಜ್ಜಿಗೆ ಕುಡಿದು, ಹೆಂಡತಿಯ ಮೇಲೆ ರೇಗಿದ್ದನ್ನು ನಾನೇ ಕಂಡಿದ್ದೇನೆ. "ಈಗಿನ್ನಾ ಬಂದು ನಿಂತಿದ್ನಲ್ಲ, ಯಾಕ ಬಡೀಲಿಲ್ಲ? ನಮ್ಮೂರಲ್ಲ ಬಿಡು ಅಂತ ಹೊಳ್ಳಿ ಹೋದೆ" ಅಂದ. ಕೆದಕಿ ಕೇಳಿದರೆ ಅವನ ಆ "ಈಗಿನ್ನಾ" ಅನ್ನುವುದು ಹದಿಮೂರು ವರ್ಷದ ಹಿಂದಿನ ಮಾತು. ಅವತ್ತೊಂದು ದಿನ ಅವಳಿಗೆ ಜ್ವರ ಬಂದು ಮಲಗಿದ್ದಳು, ಪಾಪ.

ನಮ್ಮ ಮನೆಯವರು ಹೋದದ್ದು ಹನ್ನೊಂದು ವರ್ಷದ ಹಿಂದೆ, ಒಂದು ಮೆಂತ್ಯಪಲ್ಯದ ದೆಸೆಯಿಂದ. ಉಣ್ಣಲು ಕೂತವರು ಎರಡು ತುತ್ತು ಬಾಯಿಗಿಟ್ಟು "ಉಪ್ಪಿಲ್ಲ" ಅಂದರು. ಬೆಳಗಿನಿಂದ ರೊಟ್ಟಿ ಬಡಿದು ನನ್ನ ರಟ್ಟೆ ಬಿದ್ದುಹೋಗಿತ್ತು. "ಉಪ್ಪು ಬೇಕಾದ್ರ ಹೋಗಿ ತಗೊಂಡು ಬರ್ರಿ, ಹಳ್ಳದಾಗ ಬೇಕಾದಷ್ಟು ಬಿದ್ದೈತಿ" ಅಂದೆ. ಸಿಟ್ಟಿನಲ್ಲಿ ಆಡಿದ ಮಾತು, ಯಾರ ಮನೆಯಲ್ಲಿ ಆಡುವುದಿಲ್ಲ ಹೇಳಿ. ಆ ಮನುಷ್ಯ ಗಂಗಾಳ ಸರಿಸಿ ಎದ್ದೇಬಿಟ್ಟರು. ಮೈಮೇಲೆ ಬನಿಯನ್ನು, ಚೌಕಳಿ ಲುಂಗಿ, ತಲೆಗೆ ವಾರೆಯಾಗಿ ಸುತ್ತಿದ ಕೆಂಪು ಟವೆಲು. ಅಂಚಿನವರೆಗೆ ಬೈಯುತ್ತ ಹಿಂದೆಯೇ ಹೋದೆ. ಅಲ್ಲಿ ಒಂದು ಸಲ ನಿಂತರು. ನಿಂತು, ಬಲಗಾಲಿನ ಹಿಮ್ಮಡಿಯಿಂದ ಎಡಗಾಲಿನ ಮೀನಖಂಡ ಕೆರೆದುಕೊಂಡರು. ಎಲ್ಲಿ ನಿಂತರೂ ಅವರದು ಅದೇ ಚಾಳಿ, ತಾಳಿ ಕಟ್ಟುವಾಗಲೂ ಕೆರೆದುಕೊಂಡಿದ್ದರು. ಆಮೇಲೆ ನಡೆದುಬಿಟ್ಟರು.

ಎರಡು ತುತ್ತು ಉಂಡು ಬಿಟ್ಟ ಆ ಹಿತ್ತಾಳೆ ಗಂಗಾಳವನ್ನೇ ಹನ್ನೊಂದು ವರ್ಷದಿಂದ ಬಡಿಯುತ್ತಿದ್ದೆ. ಬಡಿದೂ ಬಡಿದೂ ನಟ್ಟನಡುವೆ ತಗ್ಗು ಬಿದ್ದಿತ್ತು. ಬರುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ನನಗಿದ್ದ ಭಯ ಬೇರೆ. ಹೋಗುವಾಗ ಅವರಿಗೆ ನಲವತ್ತಾರು, ನನಗೆ ನಲವತ್ತು. ಈಗಲೂ ಅವರಿಗೆ ನಲವತ್ತಾರೇ. ಬಂದವರು ನನ್ನ ಬಿಳಿ ತಲೆ ನೋಡಿ, ನನ್ನನ್ನು ನಮ್ಮವ್ವ ಅಂದುಕೊಂಡು ಕಾಲಿಗೆ ಬಿದ್ದರೆ ಏನು ಗತಿ? ಅದಕ್ಕೇ ಮದರಂಗಿ. ನಾಲ್ಕು ಗಂಟೆಗೆ ಅಂಚಿಗೆ ಬರುವ ನಮ್ಮ ಊರಿನ ಹೆಂಗಸರನ್ನು ನೋಡಬೇಕು ನೀವು, ಮದುವೆ ಮನೆಗೆ ಹೊರಟವರ ಹಾಗೆ ಇರುತ್ತಾರೆ.

ಇಂಥ ಊರಿಗೆ ಸಿನಿಮಾದವರು ಬಂದರು. ಡೈರೆಕ್ಟರ ಹೆಸರು ನಿಶ್ಚಲ್. ಮೂವತ್ತು ತುಂಬಿರಲಿಲ್ಲ, ಪ್ಯಾಂಟಿಗೆ ಎಂಟು ಜೇಬು, ಎಂಟರಲ್ಲಿಯೂ ಏನೂ ಇಲ್ಲ. ಬಸ್ಸಿನಿಂದ ಇಳಿದ ಕೂಡಲೇ ಕೇಳಿದ್ದು, "ಈ ಊರಲ್ಲಿ ತುಂಬಾ ಭಯಾನಕವಾದ ಜಾಗ ಯಾವುದು?" ಅಂತ. ನಾವು ನಾಲ್ಕು ಜನ ಯೋಚನೆ ಮಾಡಿ ಪುರಸಭೆಯ ಶೌಚಾಲಯ ತೋರಿಸಿದೆವು. ಮೂಗು ಮುಚ್ಚಿಕೊಂಡು ಹೊರಗೆ ಬಂದವನು, ಅದಲ್ಲ, ಮರುಭೂಮಿ ಎಲ್ಲಿ ಅಂದ.

ಹೋಟೆಲಿನ ಮುಂದೆ ಕೂತು ಅವನು ಕಥೆ ಹೇಳಿದ. ಸಿನಿಮಾದ ಹೆಸರು ಮರಳರಕ್ಕಸಿ. ನಾಲ್ಕು ಜನ ಗೆಳೆಯರು ಕಾರಿನಲ್ಲಿ ಮರುಭೂಮಿಗೆ ಹೋಗುತ್ತಾರೆ, ಕಾರು ಕೆಡುತ್ತದೆ, ಮರಳಿನ ಕೆಳಗಿರುವ ರಕ್ಕಸಿ ಒಬ್ಬೊಬ್ಬರನ್ನೇ ಕಾಲು ಹಿಡಿದು ಎಳೆದುಕೊಳ್ಳುತ್ತಾಳೆ. ನಮ್ಮ ಪಕ್ಕದ ಮನೆಯ ಮಾಬುಬಿ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡಳು. ಅವಳ ತಂಗಿ ಏಳು ವರ್ಷದಿಂದ ಒಳಗಿದ್ದಾಳೆ.

"ಆ ನಾಕೂ ಮಂದಿ ಮನ್ಯಾಗ ಹೇಳಿ ಹೋಗಿದ್ರೋ ಇಲ್ಲೋ?" ಅಂತ ಮಾಬುಬಿ ಕೇಳಿದಳು.

"ಇಲ್ಲ ಅಮ್ಮ. ಅದೇ ಸಸ್ಪೆನ್ಸ್" ಅಂದ ನಿಶ್ಚಲ್.

"ಮತ್ತ ಗಂಗಾಳ ಯಾರು ಬಡೀಬೇಕು? ಇದು ರಕ್ಕಸಿ ತಪ್ಪಲ್ಲ ಬಿಡ್ರಿ, ಹಿರ್ಯಾರು ಬುದ್ಧಿ ಹೇಳಿ ಬೆಳಸಿಲ್ಲ."

ಅವನಿಗೆ ನಾವು ನಮ್ಮ ಮರಳಿನ ವಿಷಯವನ್ನೆಲ್ಲ ಬಿಡಿಸಿ ಹೇಳಿದೆವು. ನಿಮ್ಮ ಯಜಮಾನರ ಹೆಸರೇನು ಎಂದು ನನ್ನನ್ನು ಕೇಳಿದ. ಗಂಡನ ಹೆಸರು ಬಾಯಲ್ಲಿ ಆಡುವ ರೂಢಿ ನಮ್ಮಲ್ಲಿಲ್ಲ. ಮಾಬುಬಿಯೇ "ಮಲಕಾಜಪ್ಪ" ಅಂತ ಹೇಳಿದಳು. ಅವನು ಎಲ್ಲ ಕೇಳಿ ಗಡ್ಡ ಕೆರೆದುಕೊಂಡ. "ಕಾನ್ಸೆಪ್ಟ್ ಚೆನ್ನಾಗಿದೆ ಅಮ್ಮ. ಆದ್ರೆ ಹೋದವ್ರು ವಾಪಸ್ ಬಂದ್ಬಿಟ್ರೆ ಅದರಲ್ಲಿ ಹಾರರ್ ಎಲ್ಲಿದೆ? ಜನ ನಂಬೋ ಥರ ಇರಬೇಕು" ಅಂದು ರಬ್ಬರಿನ ರಕ್ಕಸಿಯನ್ನು ಲಾರಿಯಿಂದ ಇಳಿಸಲು ಹೋದ. ಅದರ ಬೆರಳಿಗೆ ಒಂದೊಂದು ಗೇಣು ಉಗುರು ಇತ್ತು, ಎರಡು ಉಗುರು ದಾರಿಯಲ್ಲೇ ಮುರಿದಿದ್ದವು.

ತೊಂದರೆ ಶುರುವಾದದ್ದು ಮೊದಲ ದಿನ ನಾಲ್ಕು ಗಂಟೆಗೆ. ಆ ಹೊತ್ತಿನ ಬಿಸಿಲು ಬಂಗಾರದ ಹಾಗೆ ಬೀಳುತ್ತದೆ, ಅವರಿಗೆ ಅದೇ ಬೇಕು. ಅವರು ಕೆಮೆರಾ ಹೂಡಿ, ನಾಯಕಿ ಬಾಯಿ ತೆರೆದು ಕಿರುಚುವುದಕ್ಕೂ, ನಾವು ಮೂವತ್ತೆಂಟು ಮನೆಯವರು ಗಂಗಾಳ ಬಡಿಯುವುದಕ್ಕೂ ಸರಿಹೋಯಿತು. ಅವಳು ರಕ್ಕಸಿಯನ್ನು ಕಂಡು ಕಿರುಚಿದ್ದು ಯಾರಿಗೂ ಕೇಳಲಿಲ್ಲ. ಮಾತು ಶಬ್ದ ಎಲ್ಲ ಜಾಗದಲ್ಲೇ ಹಿಡಿಯುವ ಸಿನಿಮಾ ಅಂತೆ ಇದು. ನಿಶ್ಚಲ್ ತಲೆ ತಲೆ ಚಚ್ಚಿಕೊಂಡು ಅಡಿವೆಪ್ಪನವರ ಹತ್ತಿರ ಹೋದ. ಒಂಬತ್ತು ದಿನ ಗಂಗಾಳ ನಿಲ್ಲಿಸಬೇಕು ಅಂದ.

ಅಡಿವೆಪ್ಪನವರು ಮೇಜು ಗುದ್ದಿ ಎದ್ದು ನಿಂತರಂತೆ. ಇದು ನಮ್ಮ ಹಿರಿಯರ ಕಾಲದ ಪದ್ಧತಿ, ಪ್ರಾಣ ಹೋದರೂ ನಿಲ್ಲಿಸುವುದಿಲ್ಲ ಅಂದರಂತೆ. ನಿಶ್ಚಲ್ ಅವರ ಮುಖವನ್ನು ಎರಡು ಬೆರಳಿನ ಚೌಕಟ್ಟಿನಲ್ಲಿ ನೋಡಿ, "ಸರ್, ನಿಮ್ಮ ಮುಖದಲ್ಲಿ ಒಂದು ಮಾಂತ್ರಿಕನ ಕಳೆ ಇದೆ" ಅಂದನಂತೆ. ಅರ್ಧ ತಾಸಿನೊಳಗೆ ಆಟೋದ ಮೈಕಿನಲ್ಲಿ ಸಾರಿದರು. ಊರಿನ ಕೀರ್ತಿಗಾಗಿ, ಕಲೆಯ ಸೇವೆಗಾಗಿ, ಒಂಬತ್ತು ದಿನ ಯಾರೂ ಗಂಗಾಳ ಬಡಿಯಬಾರದು. ಅಡಿವೆಪ್ಪನವರಿಗೆ ಮಾಂತ್ರಿಕನ ಪಾರ್ಟು, ಒಂದು ಡೈಲಾಗು, ಅದಾದ ಮೇಲೆ ಸಾಯುವುದು.

ನಾನು ಕುದಿದುಹೋದೆ. ಸೌಟು ಹಿಡಿದುಕೊಂಡೇ ನಿಶ್ಚಲ್‌ನ ಟೆಂಟಿಗೆ ನುಗ್ಗಿ, "ನಿನಗ ಅವ್ವ ಅಪ್ಪ ಯಾರೂ ಇಲ್ಲೇನೋ? ಮೂವತ್ತೆಂಟು ಮನಿ ಬಾಗಿಲಾ ಹಾಕಿಸಾಕ ಬಂದೀಯಲ್ಲ!" ಅಂತ ಹಾಕಿಕೊಂಡು ಉಗಿದೆ. ಅವನು ಹೆದರಲಿಲ್ಲ. ಕಣ್ಣರಳಿಸಿ ನನ್ನ ಸುತ್ತ ಒಂದು ಸುತ್ತು ಬಂದ. "ಅಮ್ಮ, ಇದೇ! ಈ ಕಣ್ಣು, ಈ ಧ್ವನಿ! ಆಡಿಷನ್ನೇ ಬೇಡ. ಎಚ್ಚರಿಕೆ ಕೊಡೋ ಹೆಂಗಸಿನ ಪಾತ್ರ ನಿಮ್ಮದು. ಇಡೀ ಸಿನಿಮಾ ನಿಂತಿರೋದೇ ಅದರ ಮೇಲೆ" ಅಂದ.

ಸುಳ್ಳು ಹೇಳಿ ಏನು ಮಾಡಲಿ? ನನ್ನ ಸಿಟ್ಟು ಜರ್ರನೆ ಇಳಿದುಹೋಯಿತು. ಹನ್ನೊಂದು ವರ್ಷದಲ್ಲಿ ಯಾರೂ ನನ್ನ ಕಣ್ಣಿನ ಬಗ್ಗೆ ಮಾತಾಡಿರಲಿಲ್ಲ. ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ಆಮೇಲೆ ಮಾಬುಬಿಯ ಮನೆಗೆ ಹೋಗಿ ಅವಳಿಗೇ ಬುದ್ಧಿ ಹೇಳಿದೆ.

"ವರ್ಷಕ್ಕ ಇಬ್ಬರೋ ಮೂವರೋ ಬರ್ತಾರ. ಈ ಒಂಬತ್ತ ದಿನದಾಗ ಯಾರು ಬಂದಾರು, ಮಾಬು? ಅದೂ ನಮ್ಮವರು?"

"ಲಗಮಪ್ಪನ ಹೇಂತಿ ಜ್ವರಾ ಬಂದು ಮಲಗಿದ್ದು ಒಂದ ದಿನಾ, ದುಂಡವ್ವಕ್ಕ" ಅಂದಳು ಅವಳು.

"ಅದು ಅಕಿ ಹಣೇಬರಾ."

ಮಾಬುಬಿ ನನ್ನ ಮುಖವನ್ನೇ ನೋಡಿದಳು. "ನೀ ಇಷ್ಟು ಹೇಳ್ತೀ ಅಂದ್ರ ನಾ ಒಬ್ಬಾಕಿ ಬಡದು ಊರ ಮಂದೀ ಬಾಯಾಗ ಬೀಳೂದಿಲ್ಲ. ಆದ್ರ ಸಿನಿಮಾದಾಗ ನಾ ಬರೂದಿಲ್ಲ" ಅಂದಳು. ಆ ಒಂಬತ್ತು ದಿನವೂ ಅವಳು ನಾಲ್ಕು ಗಂಟೆಗೆ ತಂಗಿಯ ಗಂಗಾಳವನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಳು. ನಾನು ಬಣ್ಣ ಹಚ್ಚಿಸಿಕೊಳ್ಳಲು ಹೋಗುವಾಗ ಕಿಟಕಿಯಲ್ಲಿ ಕಾಣುತ್ತಿದ್ದಳು.

ನಿಶ್ಚಲ್‌ಗೆ ನಮ್ಮ ಜನರ ಮುಖದಲ್ಲಿ ಹೆದರಿಕೆ ತರಿಸುವುದೇ ದೊಡ್ಡ ಕೆಲಸವಾಯಿತು. ಮರಳು ನೋಡಿ ನಡುಗಿ ಅಂದರೆ ನಮ್ಮವರು ತಡವಾದ ಬಸ್ಸಿನ ದಾರಿ ನೋಡುವ ಹಾಗೆ ನೋಡುತ್ತಿದ್ದರು. ರಕ್ಕಸಿ ಎದ್ದು ಬಂದರೆ ಲಗಮಪ್ಪ ಅದರ ಮುರಿದ ಉಗುರಿಗೆ ದಾರ ಸುತ್ತಿಕೊಡಲು ಹೋದ. ಅಡಿವೆಪ್ಪನವರು ಮಾಂತ್ರಿಕನ ವೇಷದಲ್ಲಿ "ಓ ಕತ್ತಲೆಯ ಶಕ್ತಿಯೇ" ಎಂದು ಶುರು ಮಾಡಿ, ರೂಢಿಯಂತೆ "ನನ್ನ ಆತ್ಮೀಯ ಮತದಾರ ಬಂಧುಗಳೇ" ಎಂದು ಮುಗಿಸುತ್ತಿದ್ದರು. ಎರಡು ದಿನ ಅದರಲ್ಲೇ ಹೋಯಿತು. ಕೊನೆಗೆ ನಿಶ್ಚಲ್ ಒಂದು ಉಪಾಯ ಮಾಡಿದ. ಇವರಿಗೆ ಹೆದರಲು ಬರುವುದಿಲ್ಲ, ಎಲ್ಲರೂ ಹೆಣ ಆಗಲಿ ಅಂದ.

ಒಂಬತ್ತನೆಯ ದಿನದ್ದು ಅದೇ ಶಾಟು. ರಕ್ಕಸಿ ಊರಿಗೆ ಊರನ್ನೇ ಕೊಂದಿದ್ದಾಳೆ. ಮರಳಿನಂಚಿನ ತುಂಬ ಹೆಣ, ಅದರ ನಡುವೆ ಉಳಿದವಳು ನಾನೊಬ್ಬಳು. ಆ ಗೆಳೆಯರ ಗುಂಪಿಗೆ, ಅಂದರೆ ಕೆಮೆರಾದ ಕಡೆಗೆ ಮುಖ ಮಾಡಿ, ಮರಳಿಗೆ ಬೆನ್ನು ಕೊಟ್ಟು ಎಚ್ಚರಿಕೆ ಹೇಳಬೇಕು. ಮಧ್ಯೆ ಎಲ್ಲೂ ತುಂಡು ಮಾಡದೆ ಎರಡು ನಿಮಿಷ. ಊರಿನ ಗಂಡಸರು ಹೆಂಗಸರೆಲ್ಲ ಉತ್ಸಾಹದಿಂದ ಬಂದು, ನನ್ನ ಹೆಣ ಮುಂದೆ ಇರಲಿ, ನನ್ನದು ಮುಂದೆ ಇರಲಿ ಎಂದು ಜಗಳಾಡಿ, ಕಡೆಗೆ ಮರಳಿನಲ್ಲಿ ಮುಖ ಹುದುಗಿಸಿ ಬೋರಲು ಮಲಗಿದರು. ಒಬ್ಬರೂ ಕದಲಬಾರದು, ತಲೆ ಎತ್ತಬಾರದು. ಅಡಿವೆಪ್ಪನವರಂತೂ ಎಲ್ಲರಿಗಿಂತ ಚೆನ್ನಾಗಿ ಸತ್ತಿದ್ದರು.

ಡೈಲಾಗು ಒಂದೇ ಸಾಲು, "ಬ್ಯಾಡ್ರೋ ಮಕ್ಕಳಾ, ಈ ಮರಳಿನೊಳಗ ಹೋದಾವರು ಯಾರೂ ಹೊಳ್ಳಿ ಬಂದಿಲ್ಲ" ಅಂತ. ಅದು ನನ್ನ ಬಾಯಿಗೆ ಬರಲೊಲ್ಲದು. "ಬಂದಾರಲ್ಲೋ! ಲಗಮಪ್ಪ ಬಂದಾನ, ನೋಡಲ್ಲಿ, ಮೂರನೇ ಹೆಣ ಆಗಿ ಮಲಗ್ಯಾನ" ಅಂದೆ. ಮೂರನೆಯ ಹೆಣ ಹೌದೆಂದು ತಲೆ ಆಡಿಸಿತು. ಆ ಶಾಟು ಹಾಳಾಯಿತು. ಹದಿನಾರು ಸಲ ತೆಗೆದರು. ಒಮ್ಮೆ ನಗು ಬಂತು, ಒಮ್ಮೆ ಸೀನು ಬಂತು, ಉಳಿದದ್ದರಲ್ಲೆಲ್ಲ ಕಣ್ಣಲ್ಲಿ ಭಯವೇ ಇಲ್ಲ ಅಂದ ನಿಶ್ಚಲ್. ಅಷ್ಟರಲ್ಲಿ ನಾಲ್ಕು ಹೊಡೆದಿತ್ತು, ಬಿಸಿಲು ಇಳಿಯುತ್ತಿತ್ತು. ಅವನು ಹತ್ತಿರ ಬಂದು, ಅಳುವ ದನಿಯಲ್ಲಿ, "ಅಮ್ಮ, ನಿಮಗೆ ಈ ಲೋಕದಲ್ಲಿ ಯಾವ್ದಕ್ಕಾದ್ರೂ ಭಯ ಅಂತ ಇದ್ಯಾ? ಅದನ್ನ ನೆನಸ್ಕೊಳ್ಳಿ, ಸಾಕು" ಅಂದ.

ನೆನೆಸಿಕೊಂಡೆ. ಈಗಲೇ, ಈ ಗಳಿಗೆಯಲ್ಲೇ ನಮ್ಮ ಮನೆಯವರು ಬಂದುಬಿಟ್ಟರೆ? ತಲೆಯ ತುಂಬ ಬೂದಿ, ಮೈಮೇಲೆ ಚಿಂದಿ ಸೀರೆ, ಹಣೆಯಲ್ಲಿ ಕುಂಕುಮ ಕೂಡ ಇಲ್ಲ. ಈ ಅವತಾರದಲ್ಲಿ ನನ್ನನ್ನು ನೋಡಿಬಿಟ್ಟರೆ? ನನ್ನ ಎದೆ ಧಸಕ್ಕೆಂದಿತು. ಬ್ಯಾಡ್ರೋ ಮಕ್ಕಳಾ ಎಂದು ಬಾಯಿಂದ ಹೊರಟ ದನಿ ನನ್ನದೇ ಅನ್ನಿಸಲಿಲ್ಲ. ಎರಡು ನಿಮಿಷ ಮುಗಿದ ಮೇಲೆ ನಿಶ್ಚಲ್ ಓಡಿ ಬಂದು ನನ್ನ ಬೂದಿ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ಹೆಣಗಳೆಲ್ಲ ಎದ್ದು ಕೂತು ಚಪ್ಪಾಳೆ ತಟ್ಟಿದವು. ಅವತ್ತಿನಷ್ಟು ಖುಷಿ ನನಗೆ ಮದುವೆಯಲ್ಲೂ ಆಗಿರಲಿಲ್ಲ.

ಮರುದಿನ ಅವರು ಲಾರಿ ತುಂಬಿಕೊಂಡು ಹೋದರು, ನಾವು ನಾಲ್ಕು ಗಂಟೆಗೆ ಮತ್ತೆ ಗಂಗಾಳ ಹಿಡಿದು ಅಂಚಿಗೆ ನಿಂತೆವು. "ನೋಡು, ಯಾರಾದ್ರೂ ಬಂದ್ರ? ಸುಮ್ಮನ ಹೊಯ್ಕೊಂತಿದ್ದಿ" ಅಂತ ಮಾಬುಬಿಯನ್ನು ಹಂಗಿಸಿದೆ. ಅವಳು ಬಡಿಯುತ್ತಲೇ ಇದ್ದಳು.

ಎಂಟು ತಿಂಗಳ ಮೇಲೆ ನಿಶ್ಚಲ್ ಸಿನಿಮಾ ಹಿಡಿದುಕೊಂಡು ಬಂದ. ಎಲ್ಲ ಊರುಗಳಲ್ಲಿ ಭರ್ಜರಿಯಾಗಿ ಓಡುತ್ತಿದೆಯಂತೆ, ಜನ ಹೆದರಿ ಹೆದರಿ ಸಾಯುತ್ತಿದ್ದಾರಂತೆ. ಕೊಟ್ಟ ಮಾತಿನಂತೆ ನಮಗೆ ತೋರಿಸಲು ಬಂದದ್ದು. ಪುರಸಭೆಯ ಸಭಾಭವನದಲ್ಲಿ ಕಿಟಕಿಗಳಿಗೆ ಕಂಬಳಿ ಹೊದಿಸಿ, ಪರದೆ ಕಟ್ಟಿ, ಮಧ್ಯಾಹ್ನ ಒಂದೂವರೆಯ ಆಟ. ಮುಗಿದ ಕೂಡಲೇ ನೆಟ್ಟಗೆ ಅಂಚಿಗೆ ಹೋಗಬೇಕಲ್ಲ, ಹಾಗಾಗಿ ಬಡಿಯುವವರೆಲ್ಲ ಗಂಗಾಳ ಸೌಟು ಚೀಲದಲ್ಲಿ ಹಾಕಿಕೊಂಡೇ ಬಂದಿದ್ದೆವು. ನಾನು ಮದರಂಗಿ ಹಚ್ಚಿ, ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತೆ. ಮಾಬುಬಿಯೂ ನನ್ನ ಒತ್ತಾಯಕ್ಕೆ ಬಂದು ಪಕ್ಕದಲ್ಲಿ ಕೂತಳು. ನಿಶ್ಚಲ್ ಎದ್ದು ನಿಂತು ಭಾಷಣ ಮಾಡಿದ. "ಇಂಟರ್ವಲ್ಲಿಗೆ ಮುಂಚೆ ಒಂದು ಶಾಟ್ ಇದೆ. ಹಿಂದುಗಡೆ ನೋಡ್ತಿರಿ. ನಾನು ಅದನ್ನ ಪ್ಲಾನೇ ಮಾಡಿರ್ಲಿಲ್ಲ, ಶೂಟಿಂಗಲ್ಲಿ ಎಲ್ರ ಕಣ್ಣೂ ಅಮ್ಮನ ಮುಖದ ಮೇಲೇ ಇತ್ತು, ಎಡಿಟಿಂಗಲ್ಲಿ ನೋಡಿ ನಾನೇ ಬೆಚ್ಚಿಬಿದ್ದೆ. ಇವತ್ತು ಎಲ್ಲಾ ಕಡೆ ಜನ ಮಾತಾಡ್ತಿರೋದು ಆ ಒಂದು ಶಾಟ್ ಬಗ್ಗೆನೇ!"

ಕಾರು ಕೆಟ್ಟಿತು, ರಕ್ಕಸಿ ಬಂದಳು, ಅಡಿವೆಪ್ಪನವರು ಸತ್ತರು. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಪರದೆಯ ತುಂಬ ನನ್ನ ಮುಖ ಬಂತು. ಅಷ್ಟು ದೊಡ್ಡದಾಗಿ ನನ್ನ ಮುಖವನ್ನು ನಾನೇ ನೋಡಿರಲಿಲ್ಲ. ನಾಚಿಕೆಯಾಗಿ ಕಣ್ಣು ಪಕ್ಕಕ್ಕೆ ಸರಿಸಿದೆ, ನನ್ನ ಕಿವಿಯ ಪಕ್ಕ ದೂರದಲ್ಲಿ ಕಾಣುವ ಮರಳಿನ ದಿಬ್ಬದ ಕಡೆಗೆ. ಅಲ್ಲಿ ಕಡ್ಡಿಯಷ್ಟು ದೊಡ್ಡದಾಗಿ ಯಾರೋ ಬರುತ್ತಿದ್ದರು.

ದಿಬ್ಬ ಇಳಿದು ಅಂಚಿನವರೆಗೆ ಬಂದು ನಿಂತರು. ಬನಿಯನ್ನು, ಲುಂಗಿ, ತಲೆಗೆ ವಾರೆಯಾಗಿ ಸುತ್ತಿದ ಕೆಂಪು ಟವೆಲು. ನಿಂತಲ್ಲೇ ಬಲಗಾಲು ಎತ್ತಿ ಎಡಗಾಲಿನ ಮೀನಖಂಡ ಕೆರೆದುಕೊಂಡರು. "ಒಂಟಿಕಾಲಿನ ದೆವ್ವ!" ಎಂದು ನಿಶ್ಚಲ್ ಪಿಸುಗುಟ್ಟಿ ತನ್ನ ತೋಳು ತಾನೇ ಸವರಿಕೊಂಡ. ಅವರು ಕಿವಿಗೆ ಅಂಗೈ ಒಡ್ಡಿ ಊರಿನ ಕಡೆಗೆ ಕೇಳಿಸಿಕೊಂಡರು. ಒಂದು ಹೆಜ್ಜೆ ಮುಂದಿಟ್ಟರು. ಮತ್ತೆ ಕಿವಿಗೊಟ್ಟರು. ಪರದೆಯ ಈ ಕಡೆ ನನ್ನ ದೊಡ್ಡ ಮುಖ ಕಣ್ಣು ಅಗಲಿಸಿ, ಈ ಮರಳಿನೊಳಗ ಹೋದಾವರು ಯಾರೂ ಹೊಳ್ಳಿ ಬಂದಿಲ್ಲ ಎಂದು ಜನಕ್ಕೆಲ್ಲ ಹೇಳುತ್ತಿತ್ತು. ನನ್ನ ಬೆನ್ನ ಹಿಂದೆ ಅವರು ಟವೆಲು ಬಿಚ್ಚಿ ಮುಖ ಒರೆಸಿಕೊಂಡರು. ಬಿಚ್ಚಿದ ಟವೆಲನ್ನು ಮತ್ತೆ ಕಟ್ಟಲು ಲುಂಗಿಯ ಅಂಚು ಹರಿದು ಕಟ್ಟಿದ್ದ ಗಂಟನ್ನು ಕೈಯಿಂದ ಕೆಳಗಿಟ್ಟಾಗ ಬಾಯಿ ಸಡಿಲಾಗಿ ಒಳಗಿನದು ಬಿಸಿಲಿಗೆ ಬೆಳ್ಳಗೆ ಹೊಳೆಯಿತು. ಉಪ್ಪು. ಬೊಗಸೆಗಿಂತ ಸ್ವಲ್ಪ ಹೆಚ್ಚು. ನಾನು ತರಲು ಹೇಳಿದ್ದೆನಲ್ಲ.

ಗಂಟು ಎತ್ತಿಕೊಂಡು ಅವರು ತಿರುಗಿದರು.

"ಮಲಕಾಜಪ್ಪಾ!" ಎಂದು ನಾನು ಕೂಗಿದೆ. ಮೂವತ್ತು ವರ್ಷದಲ್ಲಿ ಮೊದಲನೆಯ ಸಲ ಆ ಹೆಸರು ನನ್ನ ಬಾಯಿಂದ ಬಂತು. "ಇಲ್ಲೇ ಅದೀನ್ರೀ! ಹೊಳ್ಳಿ ಬರ್ರೀ!" ಚೀಲದಿಂದ ಗಂಗಾಳ ಎಳೆದು ಎರಡೂ ಕೈಯಿಂದ ಬಡಿದೆ. ಸಿನಿಮಾ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಂಟು ತಿಂಗಳ ಹಿಂದಿನದು ಎಂದೂ ಗೊತ್ತಿತ್ತು. ಕೈ ಕೇಳಬೇಕಲ್ಲ. ಪಕ್ಕದಲ್ಲಿ ಮಾಬುಬಿ ತನ್ನ ತಂಗಿಯ ಗಂಗಾಳ ತೆಗೆದು ಬಡಿಯತೊಡಗಿದಳು. ಬೇರೆಯವರ ಗಂಗಾಳಕ್ಕೆ ಬರುವುದಿಲ್ಲ ಎಂದು ಅವಳಿಗೂ ಗೊತ್ತು. ಹಿಂದೆ ಲಗಮಪ್ಪನ ಹೆಂಡತಿ ಕಬ್ಬಿಣದ ಕುರ್ಚಿ ಬಡಿದಳು, ಆಮೇಲೆ ಮೂವತ್ತೆಂಟು ಮನೆಯವರೂ ಬಡಿದರು, ಗಂಗಾಳ ಇಲ್ಲದವರೆಲ್ಲ ಕುರ್ಚಿ ಬಡಿದರು. ಅವತ್ತು ಹೆಣವಾಗಿ ಮಲಗಿದ್ದವರೆಲ್ಲ ಎದ್ದು ನಿಂತು ಕೂಗುತ್ತಿದ್ದರು. ಅಡಿವೆಪ್ಪನವರು ಮಾತ್ರ ತಲೆ ತಗ್ಗಿಸಿ ಕೂತಿದ್ದರು. ಪರದೆಯ ಮೇಲಿದ್ದವರು ಯಾವುದನ್ನೂ ಕೇಳಿಸಿಕೊಳ್ಳದೆ ದಿಬ್ಬ ಹತ್ತಿ ಆ ಕಡೆಗೆ ಇಳಿದುಹೋದರು.

ದೀಪ ಹಾಕಿದರು. ನಿಶ್ಚಲ್ ಎದ್ದು ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, ನಾಲ್ಕೂ ದಿಕ್ಕಿಗೆ ಕೈಮುಗಿಯುತ್ತಿದ್ದ. ಯಾವ ಊರಿನಲ್ಲೂ ತನಗೆ ಇಂಥ ಮರ್ಯಾದೆ ಸಿಕ್ಕಿರಲಿಲ್ಲ ಅಂದನಂತೆ. ಅವನಿಗೇನು ಅನ್ನುವುದು? ಆ ಹುಡುಗನಿಗೆ ನಮ್ಮ ಊರು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಎರಡು ನಿಮಿಷ ಸಿನಿಮಾದಲ್ಲಿ ಕಾಣಿಸಿಕೊಳ್ಳುವ ಆಸೆಗೆ ಗೊತ್ತಿದ್ದೂ ಗಂಗಾಳ ಮುಚ್ಚಿಟ್ಟವಳು ನಾನು.

ನಾಲ್ಕು ಗಂಟೆಯಾಗಲು ಇನ್ನೂ ಒಂದೂಕಾಲು ತಾಸಿತ್ತು. ರೇಷ್ಮೆ ಸೀರೆಯಲ್ಲೇ ಅಂಚಿಗೆ ನಡೆದೆ. ಹಿಂದೆ ಹೆಜ್ಜೆಗಳ ಸದ್ದು ಕೇಳಿ ತಿರುಗಿ ನೋಡಿದರೆ ಊರೇ ಬರುತ್ತಿತ್ತು. ಸಿನಿಮಾದ ಉಳಿದರ್ಧವನ್ನು ನಾವು ಯಾರೂ ಇವತ್ತಿನವರೆಗೆ ನೋಡಿಲ್ಲ. ರಕ್ಕಸಿ ಕೊನೆಗೆ ಸಾಯುತ್ತಾಳಂತೆ. ಹೊತ್ತು ಮುಳುಗುವ ತನಕ ಬಡಿದೆ. ಕೈ ಸೋತು ಸೌಟು ಜಾರಿದಾಗ ಮಾಬುಬಿ ಎತ್ತಿಕೊಂಡು ನನ್ನ ಗಂಗಾಳವನ್ನು ಬಡಿದಳು. ಅವಳು ನನ್ನನ್ನು ಒಂದು ಮಾತೂ ಹಂಗಿಸಲಿಲ್ಲ. ಹಂಗಿಸಿದ್ದರೆ ಚೆನ್ನಾಗಿತ್ತು.

ಮದರಂಗಿ ಹಚ್ಚುವುದನ್ನು ಅವತ್ತಿಗೆ ಬಿಟ್ಟೆ. ಮುದುಕಿ ಅಂದರೆ ಅನ್ನಲಿ, ಕಾಲಿಗೆ ಬಿದ್ದರೆ ಬೀಳಲಿ. ಸಿನಿಮಾಕ್ಕೆ ಏನೋ ಪ್ರಶಸ್ತಿ ಬಂತಂತೆ, ನಿಶ್ಚಲ್ ನನಗೊಂದು ಗಾಜಿನ ಪೆಟ್ಟಿಗೆಯ ಫಲಕ ಕಳಿಸಿದ್ದ. ಅದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟಿದ್ದೇನೆ, ಅಲುಗಾಡದೆ ನಿಲ್ಲುತ್ತದೆ. ಅಡಿವೆಪ್ಪನವರು ಎದುರಿಗೆ ಸಿಕ್ಕರೆ ಓಣಿ ಬದಲಿಸುತ್ತಾರೆ. ಈಗ ನಾನು ಮುಂಜಾನೆಯೂ ಬಡಿಯುತ್ತೇನೆ, ಮಧ್ಯಾಹ್ನವೂ ಬಡಿಯುತ್ತೇನೆ, ನಾಲ್ಕಕ್ಕಂತೂ ಸರಿಯೇ. ಅವರ ಪಾಲಿಗೆ ಇನ್ನೂ ಐದು ನಿಮಿಷವೂ ಆಗಿರಲಿಕ್ಕಿಲ್ಲ. ದಿಬ್ಬದ ಆ ಕಡೆ ಎಲ್ಲೋ, ಗಂಟು ಹಿಡಿದುಕೊಂಡು, ನಮ್ಮೂರು ಎಲ್ಲಿ ಹೋಯಿತಪ್ಪಾ ಎಂದು ಗೊಣಗುತ್ತ ನಡೆಯುತ್ತಿರುತ್ತಾರೆ.

ಮೊನ್ನೆ ಮಾಬುಬಿ ನಮ್ಮ ಮನೆಯಲ್ಲಿ ಉಣ್ಣಲು ಕೂತಳು. ಮೆಂತ್ಯಪಲ್ಯದ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು.

"ಉಪ್ಪ ಹಾಕಿಲ್ಲಲ್ಲ ದುಂಡವ್ವಕ್ಕ, ಮರತೀಯೇನು?"

"ಮರತಿಲ್ಲ. ಬರೂದೈತಿ" ಅಂದೆ.